ಮೆಡಿಸಿನ್ ಸೀಟು ಆರಿಸುವ ಮಗಳಿಗೆ

ಹಾಸನ

ಪ್ರೀತಿಯ ಪುಟ್ಟಿ,

ಪಿಜಿ ಕೌನ್ಸೆಲಿಂಗ್‌ನಲ್ಲಿ ಜನರಲ್ ಮೆಡಿಸಿನ್ನೇ ಮೊದಲ ಆಯ್ಕೆ ಅಂದೆ. ತುಂಬಾ ಸಂತೋಷವಾಯಿತು. ಆದರೆ ಕಾಲೇಜಿನ ಹೆಸರು ನೋಡಿ ಆಪ್ಷನ್ ಹಾಕಬೇಡ. ದಿನಕ್ಕೆ ಎಷ್ಟು ಅಡ್ಮಿಷನ್, ರಾತ್ರಿ ಕ್ಯಾಶುವಾಲ್ಟಿ ಯಾರ ಕೈಯಲ್ಲಿ, ರೌಂಡ್ಸ್‌ನಲ್ಲಿ ಪ್ರೊಫೆಸರ್ ಹಾಸಿಗೆ ಪಕ್ಕ ನಿಂತು ಕಲಿಸುತ್ತಾರೋ ಇಲ್ಲವೋ, ಇದನ್ನೆಲ್ಲ ಅಲ್ಲಿರುವ ಪಿಜಿಗಳನ್ನೇ ಕೇಳು. ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್‌ನ ಐದೂವರೆ ವರ್ಷ ನಿನ್ನನ್ನು ಡಾಕ್ಟರ್ ಮಾಡಿವೆ. ಫಿಸಿಷಿಯನ್ ಮಾಡುವುದು ಎಂಡಿಯ 3 ವರ್ಷದ ವಾರ್ಡು.

ಹಾವು ಕಚ್ಚಿದವರನ್ನೇ ತಗೋ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಂದ ಬರುತ್ತಲೇ ಇರುತ್ತಾರೆ. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ತಿಳಿಯಲು 2 ಮಿ.ಲೀ. ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಮುಟ್ಟದೆ ಬಿಡಬೇಕು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ಗಾಜಿನ ಮೇಲ್ಮೈಯೇ ಹೆಪ್ಪುಗಟ್ಟುವುದಕ್ಕೆ ಚಾಲನೆ ಕೊಡುವುದು. ಪ್ಲಾಸ್ಟಿಕ್ ಟ್ಯೂಬ್ ಆದರೆ, ಇಲ್ಲವೇ ಗಾಜನ್ನು ಡಿಟರ್ಜೆಂಟಿನಲ್ಲಿ ತೊಳೆದಿದ್ದರೆ, ವಿಷವೇರದವರ ರಕ್ತವೂ ನೀರಾಗಿಯೇ ಉಳಿಯಬಹುದು. ನಿಜವಾಗಿಯೂ ಹೆಪ್ಪುಗಟ್ಟದಿದ್ದರೆ ಹಾವಿನ ವಿಷಕ್ಕೆ ಕೊಡುವ ಔಷಧಿ, ಆ್ಯಂಟಿ ಸ್ನೇಕ್ ವೆನಮ್, 10 ವಯಲ್. ಮಗುವಿಗೂ ಅಷ್ಟೇ, ಹಾವು ಬಿಟ್ಟ ವಿಷ ಕಡಿಮೆಯಿರುವುದಿಲ್ಲವಲ್ಲ. ಆ ಔಷಧಿಗೇ ಅಲರ್ಜಿಯಾದರೆ ಕೊಡಲು, ಡ್ರಿಪ್ ಶುರುವಾಗುವ ಮೊದಲೇ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿರಲಿ; ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಸ್ನಾಯುವಿಗೆ. ಮತ್ತೆ ಪರೀಕ್ಷೆ 6 ಗಂಟೆ ಕಳೆದ ಮೇಲೆ, ಯಾಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಆಮೇಲೂ ಸರಿಹೋಗದಿದ್ದರೆ ಹಂಪ್‌ನೋಸ್ಡ್ ಪಿಟ್ ವೈಪರ್ ಅನ್ನುವ ಹಾವು ನೆನಪಿರಲಿ. ಮಲೆನಾಡಿನ ತೋಟಗಳಲ್ಲಿ ಅದಿದೆ, ನಮ್ಮಲ್ಲಿ ಸಿಗುವ ಔಷಧಿ ಅದರ ವಿಷಕ್ಕೆ ಮಾಡಿದ್ದಲ್ಲ.

ಇಂಥದ್ದು ಕೈಗೆ ಹತ್ತಬೇಕಾದರೆ ರೋಗಿಗಳು ಬರುವ ಆಸ್ಪತ್ರೆಯೇ ಬೇಕು.

ಹಿಸ್ಟರಿ ತೆಗೆಯುವುದನ್ನೂ ಅಲ್ಲೇ ಕಲಿಯುತ್ತೀಯ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ, ಅಂದರೆ ಕಿಡ್ನಿ ಸೋತಿರುವ ಸುಳಿವಿರುವ ಅಜ್ಜಿಯನ್ನು "ಬೇರೆ ಮಾತ್ರೆ ತಗೋತೀರಾ?" ಅಂದರೆ ಇಲ್ಲ ಅನ್ನುತ್ತಾರೆ. "ಮಂಡಿ ನೋವಿಗೆ ಏನು ತಗೋತೀರಿ?" ಅಂತ ಕೇಳು, ಸೆರಗಿನ ಗಂಟಿನಿಂದ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಹೊರಬರುತ್ತದೆ. ಬಿಪಿ ಮಾತ್ರೆಯ ಜೊತೆ ಅದು ಸೇರಿ, ಮೇಲೆ ಭೇದಿಯೂ ಆದರೆ ಕಿಡ್ನಿಗೆ ಪೆಟ್ಟು ಬೀಳಲು ಹೆಚ್ಚು ದಿನ ಬೇಡ.

ಥೀಸಿಸ್‌ಗೆ ಅಪರೂಪದ ಕಾಯಿಲೆ ಹಿಡಿಯಬೇಡ, ಕೊನೆಗೆ ಕೇಸುಗಳೇ ಸಿಗದೆ ಒದ್ದಾಡುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಕಳಿಸುವ 3 ತಿಂಗಳನ್ನು ರಜೆ ಅಂದುಕೊಳ್ಳಬೇಡ. ಎಂಡಿ ಆದಮೇಲಿನ ಸೂಪರ್ ಸ್ಪೆಷಾಲಿಟಿ, ಡಿಎಂ ಮಾತು ಈಗಲೇ ಬೇಡ, ಎರಡನೇ ವರ್ಷ ಮುಗಿಯಲಿ.

ಆಪ್ಷನ್ ಲಾಕ್ ಮಾಡುವ ಮುಂಚೆ ಪಟ್ಟಿ ನನಗೊಮ್ಮೆ ಕಳಿಸು.

ನಿನ್ನ
ಅಮ್ಮ