ಹಳೆಯ ತ್ರೀಡಿ ಟಿ.ವಿ.ಗೆ ಇನ್ನೂ ಕೆಲಸವಿದೆ

ಮಾನ್ಯ ಸಂಪಾದಕರೇ,

ಸ್ಯಾಮ್‌ಸಂಗ್ 2016ರಲ್ಲಿ, ಎಲ್‌ಜಿ ಮತ್ತು ಸೋನಿ 2017ರಲ್ಲಿ, ಕನ್ನಡಕ ಹಾಕಿ ನೋಡಿದರೆ ಚಿತ್ರಕ್ಕೆ ಆಳವಿದ್ದಂತೆ ಕಾಣುವ ತ್ರೀಡಿ ಟಿ.ವಿ.ಗಳನ್ನು ಕೈಬಿಟ್ಟವು. ಅದಕ್ಕೂ ಮೊದಲು ಕೊಂಡವು ನಮ್ಮ ಶಿವಮೊಗ್ಗ, ಸಾಗರದ ಕಡೆಯ ಕೆಲವು ಮನೆಗಳಲ್ಲಿ ಇನ್ನೂ ಇವೆ. ನೋಡಲು ಏನೂ ಬರುವುದಿಲ್ಲವೆಂದು ಅವನ್ನು ಗುಜರಿಗೆ ಹಾಕಲು ಹೊರಟವರು ಒಮ್ಮೆ ಮನೆಯ ಕಂಪ್ಯೂಟರನ್ನು ಎಚ್‌ಡಿಎಂಐ ಕೇಬಲ್‌ನಿಂದ ಅದಕ್ಕೆ ಜೋಡಿಸಿ, ತಾವೇ ತೆಗೆದ ತ್ರೀಡಿ ಫೋಟೊಗಳನ್ನು ನೋಡಬೇಕೆಂದು ಕೋರುತ್ತೇನೆ.

ನಮ್ಮ ಕಣ್ಣುಗಳ ನಡುವೆ ಸುಮಾರು 6.5 ಸೆಂ.ಮೀ. ಅಂತರವಿದ್ದು, ಎರಡಕ್ಕೂ ಕಾಣುವ ನೋಟ ತುಸು ಬೇರೆಯಾಗಿರುವುದರಿಂದಲೇ ಆಳದ ಅರಿವು ಉಂಟಾಗುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ತೋರಿಸಿದ್ದರು. ಸಾಮಾನ್ಯ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆದು, ಅಷ್ಟೇ ದೂರ ಪಕ್ಕಕ್ಕೆ ಸರಿಸಿ ಇನ್ನೊಂದನ್ನು ತೆಗೆದರೆ ಜೋಡಿ ಸಿದ್ಧ. ಉಚಿತವಾಗಿ ಸಿಗುವ ಸ್ಟೀರಿಯೊಫೋಟೊ ಮೇಕರ್ ತಂತ್ರಾಂಶವು ಅವೆರಡನ್ನೂ ಅಕ್ಕಪಕ್ಕ ಅಥವಾ ಮೇಲೆ ಕೆಳಗೆ ಕೂರಿಸಿಕೊಡುತ್ತದೆ. ಹೀಗೆ ಬಂದ ಚಿತ್ರವನ್ನು ಟಿ.ವಿ. ತಾನಾಗಿ ಗುರುತಿಸುವುದಿಲ್ಲ, ರಿಮೋಟಿನ ತ್ರೀಡಿ ಗುಂಡಿ ಒತ್ತಿ, ಜೋಡಣೆ ಯಾವ ಬಗೆಯದೆಂದು ನಾವೇ ಹೇಳಬೇಕು. ಪರದೆಯ ಮೇಲೆ ಎರಡು ಚಿತ್ರ ಕಂಡೊಡನೆ ಟಿ.ವಿ. ಕೆಟ್ಟಿದೆ ಎಂದುಬಿಡುವ ರಿಪೇರಿ ಅಂಗಡಿಯವರೂ ಇದನ್ನು ಗಮನಿಸಬೇಕು. ಬ್ಯಾಟರಿ ಇಲ್ಲದ ಕನ್ನಡಕದ ಟಿ.ವಿ.ಗಳು ಒಂದು ಸಾಲು ಎಡಗಣ್ಣಿಗೆ, ಮರುಸಾಲು ಬಲಗಣ್ಣಿಗೆ ಎಂಬಂತೆ ತೋರಿಸುವುದರಿಂದ, ಫುಲ್ ಎಚ್‌ಡಿ ಪರದೆಯ 1080 ಸಾಲುಗಳಲ್ಲಿ ಪ್ರತಿ ಕಣ್ಣಿಗೆ ಸಿಗುವುದು ಹೇಗಿದ್ದರೂ 540 ಮಾತ್ರ. ಅಕ್ಕಪಕ್ಕದ ಜೋಡಣೆಯಲ್ಲಿ ಚಿತ್ರದ ಅಗಲದ ವಿವರವೂ ಅರ್ಧವಾಗುತ್ತದೆ, ಆದ್ದರಿಂದ ಅಂಥವಕ್ಕೆ ಮೇಲೆ ಕೆಳಗಿನ ಜೋಡಣೆಯೇ ಮೇಲು. ಮುಂದಿನ ವಸ್ತು ಹಿಂದೆ ಹೋದಂತೆ ಕಂಡರೆ ಎಡಬಲ ಅದಲುಬದಲಾಗಿದೆ ಎಂದರ್ಥ.

ಕಂಪ್ಯೂಟರಿನ ಸಣ್ಣ ಪರದೆಯಲ್ಲಿ ಹಿತವಾಗಿದ್ದ ಚಿತ್ರವೇ ದೊಡ್ಡ ಟಿ.ವಿ.ಯಲ್ಲಿ ತಲೆನೋವು ತರಬಹುದು. ದೂರದ ವಸ್ತುವಿನ ಎರಡು ಬಿಂಬಗಳ ಅಂತರ ಪರದೆಯ ಮೇಲೆ 6.5 ಸೆಂ.ಮೀ. ದಾಟಿದರೆ ಕಣ್ಣುಗಳು ಹೊರಮುಖವಾಗಿ ತಿರುಗಬೇಕಾಗುತ್ತದೆ, ಅದು ಅವಕ್ಕೆ ಒಗ್ಗದು. ಕೆಂಪು–ಹಸಿರುನೀಲಿ (ಸಯಾನ್) ಹಾಳೆಯ ಅಗ್ಗದ ಕನ್ನಡಕ ಯಾವ ಟಿ.ವಿ.ಗಾದರೂ ಆಗುತ್ತದೆ, ನಿಜ. ಆದರೆ ತೋಟ, ಕಾಡು ಎಲ್ಲವೂ ಹಸಿರಾಗಿರುವ ಮಲೆನಾಡಿನಲ್ಲಿ ಆ ಹಸಿರು ಒಂದು ಕಣ್ಣಿಗೆ ಕಪ್ಪಾಗಿ, ಇನ್ನೊಂದಕ್ಕೆ ಬೆಳ್ಳಗೆ ಕಂಡು ನೋಟವೇ ಕೆಡುತ್ತದೆ.

ಜೋಗವನ್ನು ಹೀಗೆ ತೆಗೆಯಲು ಹೊರಟವರಿಗೆ ನಿರಾಸೆಯೇ ಹೆಚ್ಚು: ಎರಡು ಕ್ಲಿಕ್ಕುಗಳ ನಡುವೆ ನೀರು ಸರಿದಿರುತ್ತದೆ, ಅಷ್ಟು ದೂರದ ಬಂಡೆಗೆ ಕಣ್ಣಂತರ ಸಾಲದು. ಎರಡು ಮೀಟರ್ ದೂರದಲ್ಲಿ ಅಲುಗದೆ ನಿಂತಿರುವ ಇಕ್ಕೇರಿ, ಕೆಳದಿಯ ಕಲ್ಲಿನ ಕೆತ್ತನೆಗಳೇ ಇದಕ್ಕೆ ಸರಿಯಾದ ವಸ್ತು. ಕೆಳದಿ ದೇವಾಲಯದ ಚಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡಲಾಗದ ಹಿರಿಯರು, ಅದರ ಕೊಕ್ಕು ರೆಕ್ಕೆಗಳ ಉಬ್ಬನ್ನು ಕುರ್ಚಿಯಲ್ಲಿ ಕೂತೇ ಕಾಣಬಹುದು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇಂಥ ಒಂದು ಹಳೆಯ ಟಿ.ವಿ., ಒಂದು ಕಂಪ್ಯೂಟರ್, ನಾಲ್ಕಾರು ಕನ್ನಡಕಗಳನ್ನು ಇರಿಸಲು ಪುರಾತತ್ವ ಇಲಾಖೆ ಮನಸ್ಸು ಮಾಡಬೇಕು. ಟಿ.ವಿ.ಯನ್ನು ದಾನವಾಗಿ ಕೊಡಲು ನಮ್ಮಲ್ಲೇ ಜನ ಸಿಗುತ್ತಾರೆ.

– ಒಬ್ಬ ಓದುಗ, ಸಾಗರ