ಟೆಸ್ಟ್ ವರದಿ ಇನ್ನು ಜೆಯುನಿಟ್ ಎಕ್ಸ್‌ಎಂಎಲ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನಮ್ಮ ಕಲಬುರಗಿ ತಂಡದ ಜೆಂಕಿನ್ಸ್‌ಗೆ (ಕೋಡನ್ನು ತಾನೇ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ಸರ್ವರ್) ಟೆಸ್ಟ್ ಫಲಿತಾಂಶ ಜೆಯುನಿಟ್ ಎಕ್ಸ್‌ಎಂಎಲ್ ರೂಪದಲ್ಲೇ, ಅಂದರೆ ಫಲಿತಾಂಶವನ್ನು ಟ್ಯಾಗ್‌ಗಳಲ್ಲಿ ಬರೆದಿಡುವ ಫೈಲ್ ಆಗಿ ಹೋಗಬೇಕು. ಪೈಥಾನ್‌ನವರು ಗಮನಿಸಿ. ಜಾವಾದವರಿಗೆ ಮೇವನ್ ಶ್ಯೂರ್‌ಫೈರ್ (ಮೇವನ್ ಬಿಲ್ಡ್ ಸಾಧನದಲ್ಲಿ ಟೆಸ್ಟ್ ಓಡಿಸುವ ಪ್ಲಗಿನ್) ಆ ಫೈಲನ್ನು ತಾನೇ ಬರೆಯುತ್ತದೆ.

ಪೈಥಾನ್‌ನ ಟೆಸ್ಟ್ ಸಾಧನವಾದ ಪೈಟೆಸ್ಟ್ ಓಡಿಸುವಾಗ ‘ಜೆಯುನಿಟ್ ಎಕ್ಸ್‌ಎಂಎಲ್’ ಆಯ್ಕೆ ಕೊಟ್ಟು ಫೈಲ್ ಹೆಸರು ಹಾಕಿ. ಜೆಂಕಿನ್ಸ್‌ಗೆ ಹಂತಗಳನ್ನು ಬರೆದಿಡುವ ಪೈಪ್‌ಲೈನ್‌ನಲ್ಲಿ ಅದನ್ನು ಓದುವ ಸಾಲು, ಕೊನೆಯಲ್ಲಿ ಓಡುವ ‘ಪೋಸ್ಟ್’ ಭಾಗದ ‘ಆಲ್ವೇಸ್’ (ಟೆಸ್ಟ್ ಫೇಲ್ ಆದರೂ ಓಡುವಂಥದ್ದು) ಒಳಗೇ ಇರಲಿ. ಇದನ್ನು ದಯವಿಟ್ಟು ಮರೆಯಬೇಡಿ. ಇಲ್ಲದಿದ್ದರೆ ಟೆಸ್ಟ್ ಫೇಲ್ ಆದ ಕೂಡಲೇ ಬಿಲ್ಡ್ ನಿಲ್ಲುತ್ತದೆ, ವರದಿಯೇ ಬರುವುದಿಲ್ಲ. ವರದಿ ಜಾಸ್ತಿ ಬೇಕಾಗುವುದು ಆಗಲೇ ಅಲ್ವಾ? ಫೇಲ್ ಆದ ‘ಟೆಸ್ಟ್‌ಕೇಸ್’ ಒಳಗೆ ‘ಫೇಲ್ಯೂರ್’ ಟ್ಯಾಗ್ ಇರುತ್ತದೆ, ಕಾರಣ ಅಲ್ಲೇ ಸಿಗುತ್ತದೆ. ಉದ್ದನೆಯ ಲಾಗ್‌ನಲ್ಲಿ ಸುಮ್ನೆ ಹುಡುಕಬೇಕಾಗಿಲ್ಲ.

ಶನಿವಾರ ಸಂಜೆಯೊಳಗೆ ಬದಲಾಯಿಸಿ, ಇಲ್ಲಿ ‘ಆಯ್ತು’ ಅಂತ ಹಾಕಿ. ತೊಡಕಿದ್ದವರು ಶುಕ್ರವಾರವೇ ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಆಫೀಸಿಗೆ ಬನ್ನಿ, ಕೂತು ಸರಿಮಾಡೋಣ.