ಕಾಡಿನ ಸಿನಿಮಾವನ್ನು ಅಣಕಿಸುವ ಮುನ್ನ

ಪ್ರೀತಿಯ ತಂಗಿ,

ಕಾಡಿನ ಸಿನಿಮಾವನ್ನು ಅಣಕಿಸುವ ಏಳು ನಿಮಿಷದ ಕಾರ್ಟೂನಿಗೆಂದು ನೀನು ಬರೆದ ಸ್ಕ್ರಿಪ್ಟ್‌ನಲ್ಲಿ ಹುಲಿ ಜಾರಿ ಬೀಳುತ್ತದೆ, ಮಂಗ ಟೋಪಿ ಕದಿಯುತ್ತದೆ, ಬೇಟೆಗಾರ ಕೆಸರಿನಲ್ಲಿ ಹೂತುಹೋಗುತ್ತಾನೆ. ಎಲ್ಲವೂ ಕಾಡಿನ ಜೋಕುಗಳೇ. ಕಾಡಿನ ಸಿನಿಮಾದ ಬಗ್ಗೆ ಒಂದು ಜೋಕೂ ಇಲ್ಲ. ಅಣಕ ಹುಟ್ಟುವುದು ಆ ಸಿನಿಮಾದ ಚಾಳಿಗಳಿಂದ.

ಅಮೆರಿಕದ ಕಾರ್ಟೂನು ನಿರ್ದೇಶಕ ಟೆಕ್ಸ್ ಏವರಿ 1938ರಲ್ಲಿ ವಾರ್ನರ್ ಬ್ರದರ್ಸ್‌ಗೆ ಮಾಡಿದ ‘ದಿ ಐಲ್ ಆಫ್ ಪಿಂಗೊ ಪಾಂಗೊ’ ಕಾರ್ಟೂನನ್ನು ಪೆನ್ನು ಹಿಡಿದು ನೋಡು. ಆ ಕಾಲದ ಪ್ರವಾಸಚಿತ್ರಗಳಲ್ಲಿ ಗಂಭೀರ ನಿರೂಪಕನೊಬ್ಬ ದೂರದ ದ್ವೀಪ ತೋರಿಸಿ, ‘ಸೂರ್ಯನು ಪಶ್ಚಿಮದಲ್ಲಿ ಮೆಲ್ಲನೆ ಮುಳುಗುತ್ತಿದ್ದಾನೆ’ ಎಂದು ಹೇಳಿ ಮುಗಿಸುವುದು ವಾಡಿಕೆ. ಏವರಿ ಕೈಹಾಕಿದ್ದು ಆ ದನಿಗೇ. ಪಿಟೀಲು ಪೆಟ್ಟಿಗೆ ಹಿಡಿದ ಎಗ್‌ಹೆಡ್ ಎಂಬ ಕುಳ್ಳ ಮತ್ತೆ ಮತ್ತೆ ಬಂದು, ‘ಈಗಲಾ, ಬಾಸ್?’ ಎಂದು ನಿರೂಪಕನನ್ನು ಕೇಳುತ್ತಾನೆ. ‘ಈಗ ಬೇಡ’ ಎನ್ನುತ್ತದೆ ದನಿ. ಕೊನೆಗೆ ಮಾಮೂಲಿ ಸಾಲು ಬರುತ್ತದೆ, ಸೂರ್ಯ ಮಾತ್ರ ಮುಳುಗುವುದಿಲ್ಲ. ‘ಈಗಲಾ?’ ‘ಈಗ!’ ಪೆಟ್ಟಿಗೆಯಿಂದ ಬಂದೂಕು ಹೊರಬರುತ್ತದೆ; ಗುಂಡೇಟು ತಿಂದ ಸೂರ್ಯ ಮುಳುಗುತ್ತಾನೆ.

ಇದನ್ನು ಬಿಚ್ಚಿ ನೋಡು. ಯಾರೂ ಎದುರಾಡದ ಹಿನ್ನೆಲೆ ದನಿ ಇಲ್ಲಿ ಒಂದು ಪಾತ್ರವಾಗಿದೆ. ಗ್ಯಾಂಗ್‌ಸ್ಟರ್ ಸಿನಿಮಾ ನೋಡಿದವರಿಗೆ ಪಿಟೀಲು ಪೆಟ್ಟಿಗೆ ಕಂಡೊಡನೆ ಬಂದೂಕಿನ ಅನುಮಾನ ಬರುತ್ತದೆ. ಯಾರಿಗೆ ಗುಂಡು ಎಂಬುದಷ್ಟೇ ಗುಟ್ಟು. ಆ ಗುಟ್ಟು ಒಡೆಯುವುದು ಪ್ರೇಕ್ಷಕರಿಗೆ ಬಾಯಿಪಾಠವಾಗಿರುವ ಸಾಲಿನ ಮೇಲೆ. ಆದ್ದರಿಂದ ನಗೆಗೂ ಮುಕ್ತಾಯಕ್ಕೂ ಪ್ರತ್ಯೇಕ ಜಾಗ ಬೇಕಾಗಿಲ್ಲ.

ಆದರೆ ಅದೇ ಚಿತ್ರದಲ್ಲಿ ದ್ವೀಪದ ಕಪ್ಪು ಜನರನ್ನು ದಪ್ಪ ತುಟಿಯ ವಿಕಾರ ಗೊಂಬೆಗಳಂತೆ ಬಿಡಿಸಲಾಗಿದೆ. 1968ರಲ್ಲಿ, ಆಗ ಇವುಗಳ ಹಕ್ಕು ಹೊಂದಿದ್ದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಟಿವಿ ಪ್ರಸಾರದಿಂದ ತಡೆಹಿಡಿದ ಹನ್ನೊಂದು ಕಾರ್ಟೂನುಗಳಲ್ಲಿ ಇದೂ ಒಂದು. ಅದೇ 1938ರ ಫ್ರಿಜ್ ಫ್ರೆಲೆಂಗ್ ಅವರ ‘ಜಂಗಲ್ ಜಿಟರ್ಸ್’ ಇನ್ನೊಂದು. ಪ್ರವಾಸಚಿತ್ರ ಆ ಜನರನ್ನು ಯಾವ ತಿರಸ್ಕಾರದಿಂದ ನೋಡಿತ್ತೋ ಅದನ್ನು ಅಣಕಿಸುವ ಬದಲು ಕಾರ್ಟೂನು ನಕಲು ಮಾಡಿತು. ಇದು ನನಗೆ ಇವತ್ತಿಗೂ ನೋವಿನ ವಿಷಯ. ನಿನ್ನ ಮೂರನೇ ಪುಟದ ‘ಕಾಡುಜನರ ಕುಣಿತ’ವೂ ಅದೇ ತಪ್ಪು. ತೆಗೆದುಬಿಡು.

ಆ ಜಾಗಕ್ಕೆ ಬೇಕಾದಷ್ಟು ಸರಕಿದೆ. ಹಾಲಿವುಡ್ಡಿನ ಆಫ್ರಿಕಾದ ಕಾಡಿನಲ್ಲಿ ಆಸ್ಟ್ರೇಲಿಯಾದ ಕೂಕಬುರಾ ಹಕ್ಕಿ ಕೂಗುತ್ತದೆ. ಟಾರ್ಜನ್ ಚಿತ್ರಗಳಲ್ಲಿ ಏಷ್ಯಾದ ಆನೆಗೆ ದೊಡ್ಡ ಸುಳ್ಳು ಕಿವಿ ಕಟ್ಟಿ ಆಫ್ರಿಕಾದ ಆನೆ ಮಾಡಿದ್ದಾರೆ. 1930ರ ‘ಇಂಗಾಗಿ’ ನಿಜವಾದ ಸಾಕ್ಷ್ಯಚಿತ್ರವೆಂದು ಪ್ರಚಾರ ಪಡೆಯಿತು. ಅದರಲ್ಲಿನ ಗೊರಿಲ್ಲಾ ಮಾತ್ರ ವೇಷ ತೊಟ್ಟ ಒಬ್ಬ ನಟ. ನಮ್ಮ ಹತ್ತಿರದ್ದೇ ಬೇಕೆಂದರೆ, ಮೈಸೂರು ಸೀಮೆಯ ಕಾರಾಪುರದ ಹುಡುಗ ಸಾಬು ನಟಿಸಿದ 1937ರ ‘ಎಲಿಫೆಂಟ್ ಬಾಯ್’ ನೋಡು: ಹೊರಾಂಗಣ ಮೈಸೂರಿನದು, ಉಳಿದ ಎಷ್ಟೋ ದೃಶ್ಯ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದ್ದು. ಕಾಡಿನಿಂದ ಸ್ಟುಡಿಯೋಗೆ ದಾಟುವ ಆ ಕಟ್‌ನಲ್ಲೇ ನಿನಗೊಂದು ಜೋಕು ಸಿಗುತ್ತದೆ.

ಇನ್ನು ಲೆಕ್ಕ. ಏಳು ನಿಮಿಷವೆಂದರೆ 420 ಸೆಕೆಂಡು, ಸೆಕೆಂಡಿಗೆ 24ರಂತೆ 10,080 ಫ್ರೇಮು, ಅಂದರೆ ಫಿಲ್ಮಿನ ಬಿಡಿ ಚೌಕಟ್ಟು. ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೂ 5,040 ಚಿತ್ರ. ಹೀಗಾಗಿ ಬೇಡದ ಒಂದು ಸೆಕೆಂಡೂ ಯಾರದೋ ಕೈಬೆರಳಿನ ಶ್ರಮ. ಜೋಕಿಗೆ 15ರಿಂದ 20 ಸೆಕೆಂಡು ಇಟ್ಟುಕೊಂಡರೆ ಇಪ್ಪತ್ತೊಂದರಿಂದ ಇಪ್ಪತ್ತೆಂಟು ಹಿಡಿಯುತ್ತವೆ. ನೀನು ಮೂವತ್ತನಾಲ್ಕು ತುರುಕಿದ್ದೀಯ.

ಮೊದಲು ನಿರೂಪಣೆಯನ್ನಷ್ಟೇ ಬರೆ, ಒಂದು ನಗೆಮಾತೂ ಇಲ್ಲದೆ. ಆಮೇಲೆ ಪ್ರತಿ ವಾಕ್ಯಕ್ಕೂ ಅದರ ಮಾತು ಕೇಳದ ಚಿತ್ರ ಹುಡುಕು. ವಾಕ್ಯ ಮುಗಿದು ಅರ್ಧ ಸೆಕೆಂಡು, ಅಂದರೆ 12 ಫ್ರೇಮು, ಬಿಟ್ಟು ಚಿತ್ರ ತಿರುಗಿಬೀಳಲಿ. ಮೊದಲೇ ತಿರುಗಿದರೆ ಮಾತು ನಗೆಯಲ್ಲಿ ಮುಳುಗುತ್ತದೆ. ನಿರೂಪಕನಿಗೆ ತಮಾಷೆಯ ದನಿ ಕೊಡಬೇಡ. ಅವನು ನಕ್ಕರೆ ಚಿತ್ರಕ್ಕೆ ಎದುರಾಡಲು ಯಾರೂ ಉಳಿಯುವುದಿಲ್ಲ.

ಮರುಕಳಿಸುವ ಜೋಕು ಒಂದೇ ಸಾಕು. ಎರಡು ಬಿಡಿ ಜೋಕುಗಳಾದ ಮೇಲೆ ಅದನ್ನು ತಾ, ಪ್ರತಿ ಸಲ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸು, ಮಾತು ಒಂದಕ್ಷರವೂ ಬದಲಾಗದಿರಲಿ.

ಮುಂದಿನ ಪ್ರತಿಯಲ್ಲಿ ನಿರೂಪಣೆ ಎಡಕ್ಕೆ, ಚಿತ್ರ ಬಲಕ್ಕೆ, ಸೆಕೆಂಡು ಅಂಚಿಗೆ ಬರೆದು ಕಳಿಸು.